ಎರಡು ಪೆಟ್ಟು, ಒಂದು ಬಿಡುವು

ಬೂಟು ಕಚ್ಚಿದ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಕೂತಿದ್ದ ಕ್ಯಾಷಿಯರ್‌ಗೆ ಮೊದಲು ಗೊತ್ತೇ ಆಗಲಿಲ್ಲ. ಕಿಟಕಿಯಾಚೆ ಅಷ್ಟು ಹೊತ್ತೂ ಕಾಣುತ್ತಿದ್ದ ಶಿಖರ ಈಗ ಇರಲಿಲ್ಲ. ಅದರ ಕೆಳಗಿನ ಕಾಡೂ ಇರಲಿಲ್ಲ. ಒಲೆಗೆ ಸೌದೆ ಒಟ್ಟುತ್ತಿದ್ದ ತಂಗುಮನೆಯ ಕಾವಲುಗಾರ ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಸೌದೆಯನ್ನು ಹಾಗೇ ನೆಲಕ್ಕಿಟ್ಟ.

“ಮಂಜು ಇಳೀತು,” ಎಂದ.

“ಇಳೀಲಿ ಬಿಡಿ. ಇದನ್ನ ನೋಡೋಕೇ ಅಲ್ವಾ ಬೆಟ್ಟಕ್ಕೆ ಬರೋದು,” ಎಂದ ಕ್ಯಾಷಿಯರ್. ಆಮೇಲೆ ತನ್ನ ಹೆಂಡತಿ ಆ ಕಾಣದ ಶಿಖರದ ಮೇಲೇ ಇದ್ದಾಳೆಂಬುದು ನೆನಪಾಗಿ, ಕಾಲನ್ನು ನೀರಿನಿಂದ ತೆಗೆದ.

ಬ್ಯಾಂಕಿನವರ ಗುಂಪು ಬೆಳಿಗ್ಗೆಯೇ ಮೇಲಕ್ಕೆ ಹೋಗಿತ್ತು. ಮ್ಯಾನೇಜರು, ಗುಮಾಸ್ತರು, ಅವರವರ ಮನೆಯವರು. ಚಾರಣಕ್ಕೆಂದೇ ಹೊಸ ಬೂಟು ಕೊಂಡ ಕ್ಯಾಷಿಯರ್ ಮಾತ್ರ ಅರ್ಧ ದಾರಿಯಲ್ಲೇ ಇಲ್ಲಿ ಉಳಿದಿದ್ದ. ಹೊಸ ಬೂಟು ಹಾಕಿಕೊಂಡು ಬೆಟ್ಟ ಹತ್ತುವ ಮಹನೀಯರನ್ನು ಕಾವಲುಗಾರ ಬೇಕಾದಷ್ಟು ನೋಡಿದ್ದಾನೆ. ಎಲ್ಲರೂ ಕೊನೆಗೆ ಇದೇ ಬೋಗುಣಿಗೆ ಬಂದು ಸೇರುತ್ತಾರೆ.

ತಂಗುಮನೆಯ ಮುಂದೆ ಒಂದು ರೈಲು ಕಂಬಿಯ ತುಂಡು ತೂಗುತ್ತಿತ್ತು. ಮಂಜು ಇಳಿದರೆ ಅದನ್ನು ಹೊಡೆಯಬೇಕು. ಎರಡು ಪೆಟ್ಟು, ಒಂದು ಬಿಡುವು, ಮತ್ತೆ ಎರಡು ಪೆಟ್ಟು. ದಾರಿಯಲ್ಲಿರುವವರು ಬಿಡುವಿನಲ್ಲಿ ಕೂಗಿ ಉತ್ತರ ಕೊಟ್ಟು, ಸದ್ದು ಬಂದ ಕಡೆ ನಡೆಯಬೇಕು. ಕೆಳಗಿನ ಗೇಟಿನಲ್ಲಿ ಪ್ರತಿಯೊಬ್ಬರಿಗೂ ಇದನ್ನು ಹೇಳಿಯೇ ಒಳಗೆ ಬಿಡುತ್ತಾರೆ. ಮೊದಲು ಕಾವಲುಗಾರನ ಅಪ್ಪ ಹೊಡೆಯುತ್ತಿದ್ದ. ಅಪ್ಪ ಹಾಸಿಗೆ ಹಿಡಿದ ಮೇಲೆ ಅಕ್ಕ ಹೊಡೆದಳು. ಅಕ್ಕ ಮದುವೆಯಾಗಿ ಕೆಳಗಿನ ಪೇಟೆಗೆ ಹೋಗಿ ಹೊಲಿಗೆ ಅಂಗಡಿ ಇಟ್ಟ ಮೇಲೆ ಇವನ ಪಾಲಿಗೆ ಬಂತು.

ಈಗ ಅವನು ಸುತ್ತಿಗೆ ಹಿಡಿದು ಹೊರಗೆ ಬಂದ. ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಹೀಗೆ ಕುಂಟುತ್ತ ಕ್ಯಾಷಿಯರ್ ಹಿಂದೆಯೇ ಬಂದ. “ಹೊಡೀರಿ ಮತ್ತೆ. ಏನು, ಮುಹೂರ್ತ ನೋಡ್ತಿದೀರಾ?”

“ನಮ್ಮಕ್ಕ ಕೆಳಗಿಂದ ಬರ್ತಿದಾಳೆ ಸಾರ್.”

“ಒಳ್ಳೇದೇ ಆಯ್ತಲ್ಲ. ಅವರಿಗೂ ಕೇಳುತ್ತೆ.”

“ಕೇಳುತ್ತೆ. ಅದೇ ಕಷ್ಟ.”

ಹಳೆಯ ತಂಗುಮನೆ ಇದ್ದದ್ದು ಕೆಳಗಿನ ಹುಲ್ಲುಗಾವಲಿನ ಅಂಚಿನಲ್ಲಿ. ಅಲ್ಲಿಂದ ನೋಟ ಚೆನ್ನಾಗಿಲ್ಲ, ಫೋಟೋ ಬರುವುದಿಲ್ಲ ಎಂದು ಮೇಲಧಿಕಾರಿಗಳಿಗೆ ಅನ್ನಿಸಿತು. ಹೋದ ವರ್ಷ ಗುಡ್ಡದ ಭುಜದಂಥ ದಿಬ್ಬವನ್ನು ದಾಟಿ ಈಚೆ ಬದಿಗೆ ಹೊಸದನ್ನು ಕಟ್ಟಿಸಿದರು. ಕಟ್ಟಿದ್ದೇನೋ ಚೆನ್ನಾಗಿಯೇ ಕಟ್ಟಿದರು, ಗೋಡೆಗಿಂತ ಕಿಟಕಿಯೇ ಹೆಚ್ಚು. ಕಂಬಿಯನ್ನೂ ಮರೆಯದೆ ಹೊತ್ತು ತಂದು ನೇತುಹಾಕಿದರು. ಇಲ್ಲಿಂದ ಹೊಡೆದರೆ ಶಿಖರದ ಕಡೆಗೆ ಸದ್ದು ನೆಟ್ಟಗೆ ಹೋಗುತ್ತದೆ. ಹುಲ್ಲುಗಾವಲಿಗೆ ಮಾತ್ರ ಗುಡ್ಡ ಅಡ್ಡ. ಸದ್ದು ಕಮರಿಯ ಆಚೆಗಿರುವ ಬೋಳು ಬಂಡೆಗೆ ಬಡಿದು, ತಿರುಗಿ ಅಲ್ಲಿಂದ ಹುಲ್ಲುಗಾವಲಿಗೆ ಬರುತ್ತದೆ. ಅಲ್ಲಿ ನಿಂತವರು ತಂಗುಮನೆ ಬಂಡೆಯ ಕಡೆಗಿದೆ ಎಂದು ಆಣೆ ಮಾಡಿ ಹೇಳಿಯಾರು. ನಡುವೆ ಇರುವುದು ಕಮರಿ. ಅದರ ಅಂಚಿಗೆ ಸೊಂಟದೆತ್ತರ ಹುಲ್ಲು ಬೆಳೆದಿದೆ.

ಕಾವಲುಗಾರನಿಗೂ ಇದು ಗೊತ್ತಾದದ್ದು ಬೇಸಿಗೆಯಲ್ಲಿ, ತಾನೇ ಒಮ್ಮೆ ಮಂಜಿನಲ್ಲಿ ಕೆಳಗಿಂದ ಬರುವಾಗ. ಕೆಳಗಿನ ಗೇಟು ಕಾಯುವಾಕೆಯ ಮೈದುನ ಅಂದು ಇವನ ಬದಲಿಗೆ ಇಲ್ಲಿ ಕಂಬಿ ಹೊಡೆಯುತ್ತಿದ್ದ. ಹುಟ್ಟಿದಾಗಿನಿಂದ ಈ ದಾರಿ ತುಳಿದ ಕಾವಲುಗಾರನೇ ತಲೆ ತಗ್ಗಿಸಿಕೊಂಡು ಸದ್ದಿನ ಕಡೆ ನಡೆದ. ಕಾಲಡಿಯಿಂದ ಒಂದು ಕಲ್ಲು ಉರುಳಿತು. ಅದು ಬಿದ್ದ ಸದ್ದು ಎಷ್ಟು ಹೊತ್ತಾದರೂ ಬರಲಿಲ್ಲ. ಅಲ್ಲೇ ಕುಸಿದು ಕೂತವನು ಮಂಜು ಹರಿಯುವವರೆಗೂ ಏಳಲಿಲ್ಲ. ಆಮೇಲೆ ಮೇಲ್ವಿಚಾರಕರಿಗೆ ಹೇಳಿದ. ಅವರು ಬೋರ್ಡು ಹಾಕಿಸೋಣ ಎಂದರು. ಬೋರ್ಡು ಇನ್ನೂ ತಯಾರಾಗುತ್ತಲೇ ಇದೆ.

ಹೊಸ ಮನೆ ನೋಡಬೇಕು, ಭಾನುವಾರ ಬರುತ್ತೇನೆ ಎಂದು ಅಕ್ಕ ಹೇಳಿಕಳಿಸಿದ್ದಳು. ಹುಲ್ಲುಗಾವಲಿಗೆ ತಾನೇ ಇಳಿದು ಹೋಗಿ ಕರೆತಂದರಾಯಿತು, ಕಂಬಿಯ ವಿಷಯವನ್ನು ಆಗಲೇ ಹೇಳಿದರಾಯಿತು ಎಂದು ಇವನು ಎಣಿಸಿದ್ದ. ಆದರೆ ಶಿಖರದ ಮೇಲೆ ಜನರಿರುವಾಗ ಕಾವಲುಗಾರ ಮನೆ ಬಿಡುವಂತಿಲ್ಲ. ಊಟದ ಹೊತ್ತಿಗೆ ಇಳಿಯುತ್ತೇವೆಂದ ಬ್ಯಾಂಕಿನವರು ಇನ್ನೂ ಇಳಿದಿರಲಿಲ್ಲ. ಅಲ್ಲಿಯವರೆಗೂ ಆಕಾಶ ತೊಳೆದಿಟ್ಟ ಹಾಗಿತ್ತು, ಅವರನ್ನಾದರೂ ಏನೆಂದು ದೂರುವುದು?

ಅವನು ಒಳಗೆ ಓಡಿ ವೈರ್‌ಲೆಸ್‌ನಲ್ಲಿ ಗೇಟನ್ನು ಕರೆದ.

“ನಿಮ್ಮಕ್ಕನಾ? ಅವರು ಆಗ್ಲೇ ಹೋದ್ರಲ್ಲಣ್ಣ,” ಎಂದಳು ಗೇಟಿನಾಕೆ. “ನಾನು ಹೇಳೋಕೆ ಹೋದ್ರೆ, ನಂಗೇ ದಾರಿ ಹೇಳ್ಕೊಡ್ತೀಯೇನೇ ಅಂತ ನಕ್ಕರು.”

“ಯಾರನ್ನಾದ್ರೂ ಹಿಂದೆ ಕಳಿಸು ತಾಯಿ.”

“ಮೈದುನನ್ನ ಕಳಿಸ್ತೀನಿ. ಆದ್ರೆ ಅವನು ಹತ್ತಿ ಬರೋಷ್ಟರಲ್ಲಿ...”

ಹೊರಗೆ ಬಂದಾಗ ಕ್ಯಾಷಿಯರ್ ಕಂಬಿಯ ಪಕ್ಕದಲ್ಲೇ ನಿಂತಿದ್ದ. ಬಂಡೆಯ ವಿಷಯ, ಅಕ್ಕನ ವಿಷಯ, ಕಾವಲುಗಾರ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡ. ಅವನ ತಮಾಷೆ ಇಂಗಿಹೋಗಿತ್ತು.

“ಮೇಲಿಂದ ಇಳಿಯೋ ದಾರಿ ಹೇಗಿದೆ?”

“ಒಂದು ಕಡೆ ಬಂಡೆ ಸಾರ್. ಇನ್ನೊಂದು ಕಡೆ ಏನಿಲ್ಲ.”

ಕ್ಯಾಷಿಯರ್ ಶಿಖರ ಇದ್ದ ಕಡೆಗೆ ತಲೆಯೆತ್ತಿ ನೋಡಿದ. “ನಮ್ಮನೆಯವಳು ಕನ್ನಡಕ ಹಾಕ್ತಾಳೆ. ಮಂಜಲ್ಲಿ ಅದು ಮಸುಕಾಗ್ಬಿಡುತ್ತೆ,” ಎಂದ. ಹೊಡೆಯಿರಿ ಎಂದು ಈಗ ಹೇಳಲಿಲ್ಲ. ಹೇಳಿದ್ದರೆ ಕಾವಲುಗಾರನಿಗೆ ಸಿಟ್ಟಾದರೂ ಬರುತ್ತಿತ್ತು.

ಮೇಲಿನಿಂದ ಸಣ್ಣಗೆ ಸೀಟಿಯ ಸದ್ದು ಕೇಳಿತು. ಯಾರೋ ಗಾಬರಿಯಲ್ಲಿ ಊದುತ್ತಿದ್ದರು. ಕಾವಲುಗಾರ ಹೊಡೆದ. ಎರಡು ಪೆಟ್ಟು.

ಬಿಡುವಿನಲ್ಲಿ ಮೇಲಿನಿಂದ ಹಲವು ದನಿಗಳು ಒಟ್ಟಿಗೆ ಕೂಗಿದವು. ಅವು ಅಡಗಿದ ಮೇಲೆ ಕೆಳಗಿನಿಂದ, ಬಹಳ ದೂರದಿಂದ, ಒಂದೇ ದನಿ ಬಂತು. “ಬಂದೇ...”

ಹಾಗೆ ಉತ್ತರ ಕೊಡುವವಳು ಈ ಬೆಟ್ಟದಲ್ಲಿ ಅವಳೊಬ್ಬಳೇ. ಇವನು ಚಿಕ್ಕವನಿದ್ದಾಗ ಅಕ್ಕ ಸುತ್ತಿಗೆಯನ್ನು ಇವನ ಕೈಗೆ ಕೊಟ್ಟು ಸೌದೆಗೆ ಹೋಗುತ್ತಿದ್ದಳು. ಮಂಜು ಕವಿದರೆ ಇವನು ಅಳುತ್ತ ಹೊಡೆಯುತ್ತಿದ್ದ. ಅಕ್ಕ ಎಲ್ಲಿದ್ದರೂ ಬಂದೇ ಎನ್ನುತ್ತಿದ್ದಳು. ಎಂದಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ.

“ಅಕ್ಕಾ, ಅಲ್ಲೇ ನಿಲ್ಲು!” ಎಂದು ಎದೆ ಬಿರಿಯುವಂತೆ ಕೂಗಿದ. ಕಮರಿಯಾಚೆಯ ಬಂಡೆ ಅದನ್ನು ತುಂಡು ಮಾಡಿ ಹಿಂದಕ್ಕೆ ಕಳಿಸಿತು.

“ನಾನು ಹೊಡೀತಿರ್ತೀನಿ, ನೀವು ಓಡಿ,” ಎಂದ ಕ್ಯಾಷಿಯರ್.

“ನೀವು ಹೊಡೆದಷ್ಟೂ ಅವಳು ಆ ಬಂಡೆ ಕಡೆಗೇ ನಡೀತಾಳೆ ಸಾರ್. ನಾನು ಎಷ್ಟು ಅಂತ ಓಡ್ಲಿ?”

ಅಡಕತ್ತರಿಯಲ್ಲಿ ಸಿಕ್ಕಿಕೊಂಡವನ ಹಾಗೆ ಅವನು ಬಿಡುವನ್ನು ಉದ್ದ ಮಾಡಿ ನೋಡಿದ. ಆಗ ಮೇಲಿನವರ ದನಿ ಚದುರಿ, ಸೀಟಿ ಹುಚ್ಚು ಹಿಡಿದಂತೆ ಕಿರುಚಿತು. ಯಾವುದೋ ಹೆಂಗಸಿನ ದನಿ ಅಳುವಿಗೆ ತಿರುಗಿತು. ಕ್ಯಾಷಿಯರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಕಾವಲುಗಾರ ಹೊಡೆದ. ಕೆಳಗಿನಿಂದ “ಬಂದೇ” ಬಂತು, ಮೊದಲಿಗಿಂತ ಎಡಕ್ಕೆ, ಕಮರಿಯ ಕಡೆಗೆ. ಮತ್ತೆ ಹೊಡೆದ. ಇನ್ನೂ ಎಡಕ್ಕೆ. ಅವಳ ದನಿಯಲ್ಲಿ ಸಂತೋಷವಿತ್ತು. ತಮ್ಮನ ಮನೆ ಹತ್ತಿರವಾಯಿತೆಂಬ ಸಂತೋಷ. ತನ್ನ ಕೈಯನ್ನು ತಾನೇ ಕಡಿದು ಹಾಕಬೇಕೆನ್ನಿಸಿತು ಅವನಿಗೆ. ಆದರೂ ಕೈ ಹೊಡೆಯುತ್ತಲೇ ಇತ್ತು.

ಕೊನೆಗೂ ಮಂಜಿನೊಳಗಿಂದ ಮ್ಯಾನೇಜರು ಮೂಡಿದರು. ಅವರ ಹಿಂದೆ ಗುಮಾಸ್ತರು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು. ಎಲ್ಲರಿಗಿಂತ ಕೊನೆಗೆ, ಕನ್ನಡಕವನ್ನು ಕೈಯಲ್ಲಿ ಹಿಡಿದು, ಕ್ಯಾಷಿಯರ್‌ನ ಹೆಂಡತಿ.

“ಎಲ್ಲ ಬಂದ್ರಾ? ಮೇಲೆ ಇನ್ನು ಯಾರೂ ಇಲ್ವಲ್ಲ?”

ಯಾರೂ ಇಲ್ಲ ಎಂದರು. ಕಾವಲುಗಾರ ಸುತ್ತಿಗೆಯನ್ನು ಜಗಲಿಯ ಮೇಲೆಸೆದು, ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡ. “ಇನ್ನು ಇದನ್ನ ಯಾರೂ ಮುಟ್ಟಬಾರದು. ನೋಡ್ಕೊಳಿ,” ಎಂದು ಕ್ಯಾಷಿಯರ್‌ಗೆ ಹೇಳಿದ. ಅವನು ತಲೆಯಾಡಿಸಿದ. ಹೆಂಡತಿಯ ಕನ್ನಡಕವನ್ನು ತನ್ನ ಅಂಗಿಯಿಂದ ಒರೆಸುತ್ತಿದ್ದ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೇಳಿದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ.

ಕಾವಲುಗಾರ ಗುಡ್ಡದ ಭುಜವನ್ನು ಬಳಸಿ, ಜಾರುತ್ತ ಎಡವುತ್ತ ಹುಲ್ಲುಗಾವಲಿಗೆ ಇಳಿದ. ತನ್ನ ಮೊಣಕಾಲೇ ತನಗೆ ಕಾಣುತ್ತಿರಲಿಲ್ಲ. ನಿಂತು ಕಿವಿಗೊಟ್ಟ. ಎಲ್ಲ ಸ್ತಬ್ಧ.

“ಮರೀ,” ಎಂದಿತು ಅಕ್ಕನ ದನಿ, ಕಮರಿಯ ಕಡೆಯಿಂದ. “ಯಾಕೋ ನಿಲ್ಲಿಸ್ಬಿಟ್ಟೆ? ಕೈ ನೋವಾಯ್ತೇನೋ?”

ಅವಳು ನಿಂತಿದ್ದಳು. ಸದ್ದು ನಿಂತದ್ದಕ್ಕೆ ನಿಂತಿದ್ದಳು. ಹೋದ ಜೀವ ಬಂದಂತಾಯಿತು ಅವನಿಗೆ.

“ಅಕ್ಕಾ, ಕದಲಬೇಡ! ನಾನೇ ಬರ್ತಿದೀನಿ!”

“ಏನಂದೆ? ಸರಿಯಾಗಿ ಕೇಳ್ತಿಲ್ಲ ಕಣೋ.”

ಅವನು ಹುಲ್ಲನ್ನು ಸೀಳಿಕೊಂಡು ಓಡಿದ. ಮತ್ತೆ ಕೂಗಲೆಂದು ಉಸಿರು ತೆಗೆದುಕೊಂಡ. ಅಷ್ಟರಲ್ಲಿ ಕಂಬಿ ಮೊಳಗಿತು. ನಮ್ಮನ್ನು ಬದುಕಿಸಿದ ಸದ್ದು, ಕೆಳಗೆ ಹೋದ ಪುಣ್ಯಾತ್ಮನನ್ನೂ ಬದುಕಿಸಲಿ ಎಂದು ಯಾರೋ, ಬಹುಶಃ ಮ್ಯಾನೇಜರೇ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆಯುತ್ತಿದ್ದರು. ಎರಡು ಪೆಟ್ಟು. ಎದುರಿನ ಬಂಡೆ ಅದನ್ನು ಚಾಚೂ ತಪ್ಪದೆ ಒಪ್ಪಿಸಿತು.

“ಹಾಂ, ಈಗ ಸರಿ,” ಎಂದಳು ಅಕ್ಕ, ನಗುತ್ತ. “ಬಂದೇ...”

ಹಗ್ಗ ಹೆಗಲಿನಿಂದ ಜಾರಿ ಹುಲ್ಲಿನೊಳಗೆ ಬಿತ್ತು. ಮತ್ತೆ ಎರಡು ಪೆಟ್ಟು ಬಿದ್ದವು. ಕಾವಲುಗಾರ ಇದ್ದಲ್ಲೇ ನಿಂತು, ಉಸಿರು ಬಿಗಿಹಿಡಿದು, ಬಿಡುವಿಗೆ ಕಿವಿಗೊಟ್ಟ.