ಬಾಡಿಗೆಯವಳು

ಶ್ರೀರಾಂಪುರದಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಚಾಮುಂಡಮ್ಮನ ಮನೆ. ಅದರ ಮಹಡಿಗೆ ಬಾಡಿಗೆಗೆ ಬಂದವಳು ಇಥಿಯೋಪಿಯಾದ ಹಿರುತ್. ಹಿಂದೆ ಮೈಸೂರಿನಲ್ಲೇ ಎಂಎಸ್ಸಿ ಓದಿ ಹೋಗಿದ್ದವಳು, ಕಾಫಿ ಕಂಪನಿಯೊಂದರಲ್ಲಿ ರುಚಿ ನೋಡುವ ಕೆಲಸ ಸಿಕ್ಕಿ ಮತ್ತೆ ಬಂದಿದ್ದಳು. ಚಾಮುಂಡಮ್ಮನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅವರಿಗೆ ಅವಳು ಇರುತ್ತಮ್ಮ.

"ಎಸ್ರೇ ಇರುತ್ತಮ್ಮ ಅಂದ್ಮೇಲೆ ಇವ್ಳು ಇನ್ನೆಲ್ಲಿಗೋದಾಳು? ಇಲ್ಲೇ ಇರ್ತಾಳೆ ಬುಡು" ಎಂದು ನಗುತ್ತಿದ್ದರು.

ಆದರೆ ಹೊರದೇಶದಿಂದ ಕೆಲಸಕ್ಕೆ ಬಂದವರು ವಾಸದ ನೋಂದಣಿ ಮಾಡಿಸಲೇಬೇಕು. ಹಿರುತ್ ಅರ್ಜಿ ಹಾಕಿದ್ದಳು. ಅದು ಆಗುವ ತನಕ ಆರೋಗ್ಯ ವಿಮೆಗೆ ಹೆಸರು ಸೇರಿಸುವುದಿಲ್ಲ ಎಂದು ಅವಳ ಕಂಪನಿಯವರು ಹೇಳಿದ್ದರು. ಅವಳ ಪಿತ್ತಕೋಶದಲ್ಲಿ ಕಲ್ಲು. ನೋವು ಬಂದಾಗ ಮೆಟ್ಟಿಲ ಮೇಲೇ ಮುದುಡಿ ಕೂರುವುದನ್ನು ನಾನೇ ಅಂಗಡಿಯಿಂದ ನೋಡಿದ್ದೇನೆ. ಆಪರೇಷನ್ ಮುಂದೂಡಬೇಡಿ ಎಂದು ಡಾಕ್ಟರು ಹೇಳಿ ಆಗಿತ್ತು. ವಿಮೆಯಿಲ್ಲದೆ ಮಾಡಿಸುವ ಶಕ್ತಿ ಅವಳಿಗಿರಲಿಲ್ಲ.

ಆ ಅರ್ಜಿಯ ವಿಚಾರಣೆಗೆಂದು ಠಾಣೆಯಿಂದ ಪೇದೆ ಜವರಪ್ಪ ಬಂದಾಗ ಅವಳು ಕೆಲಸಕ್ಕೆ ಹೋಗಿದ್ದಳು. ಚಾಮುಂಡಮ್ಮ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟರು.

"ಆಯಮ್ಮ ನಿಮ್ಮನೇಲಿ ಬಾಡಿಗೆಗೆ ಇದಾರಾ?"

"ಬಾಡಿಗೆ ಏನ್ ಬುಡಪ್ಪ, ಮನೆ ಮಗಳಂಗವ್ಳೆ. ನಮ್ಜೊತೇಲೇ ಉಣ್ತಾಳೆ."

ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಒಟ್ಟಿಗೆ ಉಂಡವರನ್ನು ಬಾಡಿಗೆಯವರು ಎನ್ನಲು ನಾಲಿಗೆ ಏಳುವುದಿಲ್ಲ. ಜವರಪ್ಪ ಮಾತ್ರ ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡರು: ಬಾಡಿಗೆದಾರರಲ್ಲ, ಮನೆ ಮಗಳಂತೆ ಇದ್ದಾರೆ. ಅರ್ಜಿಯ ಜೊತೆ ಬಾಡಿಗೆ ಕರಾರು ಲಗತ್ತಾಗಿತ್ತು. ಎರಡೂ ತಾಳೆಯಾಗುವುದಿಲ್ಲವೆಂದು ಅರ್ಜಿ ವಾಪಸ್ ಬಂತು.

ಚಾಮುಂಡಮ್ಮ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ನಾನೇನ್ ಕೆಟ್ಟದ್ದಂದೆ, ಯಶೋಧಾ?"

"ಒಳ್ಳೇದೇ ಅಂದ್ರಿ ಕಣಮ್ಮ. ಪೊಲೀಸ್ನೋರ ಮುಂದೆ ಅಂದ್ಬುಟ್ರಿ, ಅಷ್ಟೇ. ನಡೀರಿ, ಅವ್ಳನ್ನೂ ಕರ್ಕೊಂಡೋಗಿ ಬಾಡಿಗೆಯೋಳು ಅಂತ ಹೇಳ್ಬುಟ್ಟು ಬರೋಣ."

"ಅವ್ಳ ಎದುರ್ಗೇನಾ? ಕನ್ನಡ ಬರ್ತದೆ ಕಣೇ ಅದ್ಕೆ!"

ಮಗಳು ಎಂದರೆ ತೆರೆಯದ ಆಸ್ಪತ್ರೆಯ ಬಾಗಿಲು ಬಾಡಿಗೆಯವಳು ಎಂದರೆ ತೆರೆಯುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಎದ್ದರು.

ಠಾಣೆಯ ಬಾಗಿಲಲ್ಲಿ ಹಿರುತ್‌ಗೆ, "ನೀನು ಆಚೆ ನಿಂತ್ಕೊ ಮಗ" ಎಂದರು. ಅವಳು ನಿಂತಳು. ಒಳಗಿನ ಮಾತು ಕೇಳಿಸುವಷ್ಟೇ ದೂರದಲ್ಲಿ.

ಜವರಪ್ಪ ಪೆನ್ನು ಹಿಡಿದು ಕೂತರು. "ಅವತ್ತು ಮಗಳು ಅಂದ್ರಿ, ಇವತ್ತು ಬಾಡಿಗೆ ಅಂತೀರಿ. ಯಾವುದನ್ನ ಬರ್ಕೊಳ್ಳಿ? ನಿಮಗೇನಾಗ್ಬೇಕು ಅವರು?"

ಚಾಮುಂಡಮ್ಮ ಬಾಗಿಲ ಕಡೆ ನೋಡಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನೂ ಆಗ್ಬೇಕಿಲ್ಲ ಕಣಪ್ಪ. ಬಾಡಿಗೆಯೋಳು. ಬರ್ಕೊ."

ಆಚೆ ಬಂದಮೇಲೂ ಅವರು ತಲೆ ಎತ್ತಲಿಲ್ಲ. ಹಿರುತ್ ಆಟೋ ನಿಲ್ಲಿಸಿ, ಬಗ್ಗಿ ಕೈ ತೋರಿಸಿದಳು. "ಹತ್ತಿ, ಓನರ್."

"ಲೇ, ಒದ್ಬುಡ್ತೀನಿ" ಎಂದು ಚಾಮುಂಡಮ್ಮ ಕಣ್ಣೊರೆಸಿಕೊಳ್ಳುತ್ತಲೇ ಹತ್ತಿದರು.

ನೋಂದಣಿ ಆಯಿತು. ಅದರ ಹಿಂದೆಯೇ ವಿಮೆಯ ಕಾರ್ಡೂ ಬಂತು. ಆಪರೇಷನ್ ಮುಗಿದು ಹಿರುತ್‌ಳನ್ನು ವಾರ್ಡಿಗೆ ತಂದ ಮೇಲೆ, ಚಾಪೆ ಮತ್ತು ಗಂಜಿಯ ಫ್ಲಾಸ್ಕ್ ಹಿಡಿದು ನಿಂತಿದ್ದ ಚಾಮುಂಡಮ್ಮನನ್ನು ನರ್ಸ್ ಕೇಳಿದಳು: "ಪೇಷಂಟಿಗೆ ನೀವೇನಾಗ್ಬೇಕಮ್ಮ?"

ಚಾಮುಂಡಮ್ಮ ನನ್ನ ಮುಖ ನೋಡಿದರು. ಮತ್ತೆ ಎಲ್ಲಿ ಎಡವಟ್ಟಾಗುತ್ತದೋ ಎಂಬ ಭಯಕ್ಕೆ ಅವರು ಬಲು ಎಚ್ಚರದಿಂದ ಹೇಳಿದರು: "ಓನರ್ರು."

"ಓನರ್ರಾ? ಓನರ್ರು ಬಂದು ಆಸ್ಪತ್ರೇಲಿ ಮಲಗ್ತಾರಾ?"

"ಬಾಡಿಗೆ ಬರ್ಬೇಕಲ್ಲಮ್ಮ, ಕಾಯ್ಬೇಡ್ವಾ?" ಎಂದವರೇ ಮಂಚದ ಪಕ್ಕ ಚಾಪೆ ಬಿಡಿಸಿದರು.

ಮಂಚದ ಮೇಲಿದ್ದವಳು ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬೇಡಿ ಅಮ್ಮ, ಹೊಲಿಗೆ ನೋಯುತ್ತೆ."