ಇಪ್ಪತ್ತನಾಲ್ಕು ಬೀಜ, ಇಪ್ಪತ್ತೊಂಬತ್ತು ಮೊಳಕೆ

೨೦೨೪ರ ಫೆಬ್ರುವರಿ ೫, ಸೋಮವಾರ. ಬೀಜಗಳು ಇಪ್ಪತ್ತನಾಲ್ಕು.

ಎರಡು ಕಿತ್ತಳೆ ಹಣ್ಣುಗಳಿಂದ ಸಿಕ್ಕಿದ್ದು ಇಪ್ಪತ್ತೇಳು. ನೀರಿನ ಬಟ್ಟಲಿಗೆ ಹಾಕಿದಾಗ ಮೂರು ತೇಲಿದವು. ತೇಲಿದವು ಜೊಳ್ಳೆಂದು ದೊಡ್ಡತಿಮ್ಮಪ್ಪ ಮೇಷ್ಟ್ರು ಅವನ್ನು ಎಸೆದರು. ಉಳಿದವನ್ನು ಲೋಳೆ ಹೋಗುವಂತೆ ಬಟ್ಟೆಯಲ್ಲಿ ಉಜ್ಜಿ, ಒಂದು ರಾತ್ರಿ ನೆನೆಸಿದರು. ತೊಳೆದ ಹಾಲಿನ ಕವರುಗಳಲ್ಲಿ ಕೆಮ್ಮಣ್ಣು, ಮರಳು, ಕುರಿಗೊಬ್ಬರ ಸಮಸಮವಾಗಿ ತುಂಬಿ, ಕವರಿಗೊಂದರಂತೆ ಊರಿದರು. ಆಳ ಬೆರಳಿನ ಒಂದು ಗೆಣ್ಣಿನಷ್ಟು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೊಸದುರ್ಗದ ತಮ್ಮ ಮನೆಯ ತಾರಸಿಯ ಮೇಲೆ ಆರು ಕವರಿನ ನಾಲ್ಕು ಸಾಲು ಜೋಡಿಸಿ, ಪ್ರತಿಯೊಂದರ ಮೇಲೂ ಅಳಿಸದ ಶಾಯಿಯಲ್ಲಿ ಅಂಕಿ ಬರೆದರು.

ಹಣ್ಣುಗಳು ಶ್ರೀರಾಂಪುರದಲ್ಲಿದ್ದ ಅವರ ತಂಗಿ ಚಿತ್ತಮ್ಮನ ಹಿತ್ತಲಿನವು. ಚಿತ್ತಮ್ಮ ಹಿಂದಿನ ದೀಪಾವಳಿ ಕಳೆದ ವಾರಕ್ಕೆ ತೀರಿಕೊಂಡಿದ್ದಳು. ಹಿತ್ತಲಿನಲ್ಲಿ ಎರಡು ಕೋಣೆ ಕಟ್ಟಿಸಲೆಂದು ಅವಳ ಮಗ ಮರವನ್ನು ಕಡಿಸಿದ; ಮಾವ ಕೇಳಿದರೆಂದು ಕೊನೆಯ ಕೊಂಬೆಯಲ್ಲಿದ್ದ ಎರಡು ಹಣ್ಣನ್ನು ಪೇಪರಿನಲ್ಲಿ ಸುತ್ತಿ ಕಳಿಸಿದ. ಸಿಪ್ಪೆ ದಪ್ಪ, ತೊಳೆ ಹುಳಿ. ಪೇಟೆಯ ಹಣ್ಣಿನ ಪಕ್ಕದಲ್ಲಿಟ್ಟರೆ ಯಾರೂ ಮುಟ್ಟುವಂಥದ್ದಲ್ಲ. ಮೇಷ್ಟ್ರಿಗೆ ಬೇಕಾಗಿದ್ದುದು ಅದೇ ಮರ.

"ಬೀಜದ ಗಿಡ ಹಣ್ಣು ಬಿಡಾಕೆ ಏಳೆಂಟು ವರ್ಷ ಬೇಕು. ನಿಮಗೀಗ ಎಪ್ಪತ್ತಾರು. ಕೂಡಿ ನೋಡ್ರಿ," ಎಂದರು ಅವರ ಹೆಂಡತಿ ಅನುಸೂಯ.

"ಕೂಡಿದೀನಿ," ಎಂದರು ಮೇಷ್ಟ್ರು.

ಫೆಬ್ರುವರಿ ಇಪ್ಪತ್ತಕ್ಕೆ ಮೇಷ್ಟ್ರ ಬಲಗಣ್ಣಿನ ಪೊರೆ ತೆಗೆಸಲು ಗಂಡ ಹೆಂಡತಿ ಇಬ್ಬರೂ ಚಿತ್ರದುರ್ಗಕ್ಕೆ, ಮಗಳು ಮೇಘಶ್ರೀಯ ಮನೆಗೆ ಹೊರಟರು. ಮೂರು ವಾರ ಅಲ್ಲೇ ಇರಬೇಕಾಗಿತ್ತು. ಬೀಗದ ಕೈಯನ್ನು ಬರಗೇರಮ್ಮನಿಗೆ ಕೊಟ್ಟರು.

ಬರಗೇರಮ್ಮ ಅದೇ ಓಣಿಯ ತುದಿಯಲ್ಲಿ ಬಾಡಿಗೆಗಿದ್ದ ಕುರುಬರ ಹೆಂಗಸು. ಗಂಡನಿದ್ದ ಕಾಲಕ್ಕೆ ನೂರಿಪ್ಪತ್ತು ಕುರಿಗಳ ಹಿಂದೆ ನಡೆದವಳು. ಆತ ಹೋದ ಮೇಲೆ ಹಿಂಡನ್ನು ಮಾರಿ ಊರು ಸೇರಿದ್ದಳು. ಓಣಿಯಲ್ಲಿ ಯಾರಾದರೂ ಪರಸ್ಥಳಕ್ಕೆ ಹೋದರೆ ಆಕೆ ಅವರ ಮನೆ ನೋಡಿಕೊಳ್ಳುತ್ತಿದ್ದಳು. ಗಿಡಕ್ಕೆ ನೀರು, ಅಂಗಳಕ್ಕೆ ಕಸಬರಿಗೆ, ಸಂಜೆ ದೇವರಿಗೊಂದು ದೀಪ. ನಾಲ್ಕು ಮನೆಗಳ ಬೀಗದ ಕೈಗಳು ಆಕೆಯ ಸೆರಗಿನ ತುದಿಯ ಗಂಟಿನಲ್ಲಿರುತ್ತಿದ್ದವು. ಆಕೆಯ ಜೀವನ ನಡೆಯುತ್ತಿದ್ದುದು ಆ ನಂಬಿಕೆಯ ಮೇಲೆ.

ಮಾರ್ಚ್ ೧೩ರಂದು ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ಹಿಂತಿರುಗಿದರು. ಬಗ್ಗಬಾರದು, ಒಂದು ತಿಂಗಳು ಮಣ್ಣು ಮುಟ್ಟಬಾರದು ಎಂದು ವೈದ್ಯರು ಹೇಳಿ ಕಳಿಸಿದ್ದರು. ಚೀಲ ಇಳಿಸಿದವರೇ ತಾರಸಿಗೆ ಹೋಗಿ, ನೆಟ್ಟಗೆ ನಿಂತು, ಬೆರಳು ಚಾಚಿ ಎಣಿಸಿದರು. ನಾಲ್ಕು ಕವರು ಖಾಲಿ. ಹನ್ನೆರಡರಲ್ಲಿ ಒಂದೊಂದು ಮೊಳಕೆ, ಏಳರಲ್ಲಿ ಎರಡೆರಡು, ಒಂದರಲ್ಲಿ ಮೂರು. ಒಟ್ಟು ಇಪ್ಪತ್ತೊಂಬತ್ತು. ಕೊನೆಯ ಸಾಲಿನಿಂದ ಹಿಂದಕ್ಕೆ ಮತ್ತೊಮ್ಮೆ ಎಣಿಸಿದರು. ಇಪ್ಪತ್ತೊಂಬತ್ತೇ.

ಬರಗೇರಮ್ಮ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ನಿಂತಿದ್ದಳು.

"ಹೆಂಗವೆ ಮೇಷ್ಟ್ರೇ? ನಾನು ನೋಡ್ಕಂಡಿದ್ದು ನೋಡಿದ್ರೆ ನಿಮ್ಮ ತಂಗಿನೇ ಎದ್ದು ಬರ್ಬೇಕು."

"ಇಪ್ಪತ್ತನಾಲ್ಕು ಊರಿದ್ದೆ. ಇಪ್ಪತ್ತೊಂಬತ್ತು ಹೆಂಗಾದವು?"

"ಅಯ್ಯ! ಕಡಿಮೆ ಆದ್ರೆ ಬೈರಿ, ಜಾಸ್ತಿ ಆದ್ರೂ ಬೈತಾರಾ?"

"ಒಂದು ಬೀಜಕ್ಕೆ ಒಂದು ಗಿಡ. ಈ ಕವರಿನಾಗೆ ಮೂರು ಅವೆ. ಯಾರು ಹಾಕಿದ್ದು?"

"ಯಾರು ಹಾಕ್ತಾರೆ? ಒಂದಕ್ಕೆ ಎರಡು ಹುಟ್ಟಿರ್ಬೋದು. ಕುರಿ ಅವಳಿ ಹಾಕಲ್ವಾ?"

"ಬೀಜ ಕುರಿಯಲ್ಲ ಬರಗೇರಮ್ಮ."

"ನೀವ್ಯಾವಾಗ ಬೀಜದ ಹೊಟ್ಟೆ ಹೊಕ್ಕು ನೋಡಿದ್ರಿ?"

ಮೇಷ್ಟ್ರು ನಗಲಿಲ್ಲ. ಅವರ ತಲೆಯಲ್ಲಿ ಲೆಕ್ಕ ಆಗಲೇ ಮುಗಿದಿತ್ತು. ಈಕೆ ಒಂದೆರಡು ವಾರ ನೀರು ಮರೆತಿದ್ದಾಳೆ. ಬೀಜ ಸತ್ತವೆಂದು ಹೆದರಿ, ಪೇಟೆಯ ಹಣ್ಣಿನ ಬೀಜ ತಂದು ಕಂಡ ಕಂಡ ಕವರಿಗೆ ತುರುಕಿದ್ದಾಳೆ. ಎಣಿಸದೆ ತುರುಕಿದ್ದರಿಂದ ಸಿಕ್ಕಿಬಿದ್ದಿದ್ದಾಳೆ. ಈಗ ಇವುಗಳಲ್ಲಿ ಚಿತ್ತಮ್ಮನ ಮರ ಯಾವುದು, ಅಂಗಡಿಯ ಮರ ಯಾವುದು?

"ಬೀಗದ ಕೈ ಕೊಡ್ರಿ," ಎಂದು ಕೈ ಚಾಚಿದರು.

ಬರಗೇರಮ್ಮ ಅವರ ಮುಖ ನೋಡಿದಳು. ಸೆರಗಿನ ಗಂಟು ಬಿಚ್ಚಿ, ಅವರ ಕೈಗೆ ಕೊಡದೆ, ತಾರಸಿಯ ಕಟ್ಟೆಯ ಮೇಲಿಟ್ಟು ಇಳಿದುಹೋದಳು. ಅವತ್ತೇ ಸಂಜೆ ಮೇಷ್ಟ್ರು ಕತ್ತರಿ ತರಿಸಿಕೊಂಡು, ಸ್ಟೂಲಿನ ಮೇಲೆ ಕೂತು, ಒಂದಕ್ಕಿಂತ ಹೆಚ್ಚಿದ್ದಲ್ಲೆಲ್ಲ ದೊಡ್ಡದೊಂದನ್ನು ಉಳಿಸಿ ಮಿಕ್ಕವನ್ನು ಬುಡಕ್ಕೆ ಕತ್ತರಿಸಿದರು. ಒಂಬತ್ತು ಹೋದವು. ಕವರು ಇಪ್ಪತ್ತು, ಗಿಡ ಇಪ್ಪತ್ತು.

ಮರುದಿನ ಬೆಳಿಗ್ಗೆ ಆರೂಕಾಲಕ್ಕೆ ಕನಕರಾಜನ ಹಾಲಿನ ಬೂತಿನ ಮುಂದೆ ಮೇಷ್ಟ್ರನ್ನು ಬಿಟ್ಟು ಹನ್ನೊಂದು ಜನರಿದ್ದರು. ಅವರಲ್ಲಿ ಏಳು ಜನ ಅವರ ಕೈಯಲ್ಲೇ ಲೆಕ್ಕ ಕಲಿತವರು.

"ಬರ್ರಿ ಮೇಷ್ಟ್ರೇ. ಕಣ್ಣು ಹೆಂಗೈತೆ? ಇನ್ಮೇಲೆ ನಮ್ಮ ಹಾಲಿನಾಗೆ ನೀರೂ ಕಾಣ್ತತೇನೋ!" ಎಂದ ಕನಕರಾಜ.

"ಕಾಣೋದೆಲ್ಲ ಕಾಣ್ತತೆ," ಎಂದರು ಮೇಷ್ಟ್ರು. "ಒಂದು ಲೆಕ್ಕ ಕೊಡ್ತೀನಿ, ಮಾಡ್ರಿ. ಊರಿದ ಬೀಜ ಇಪ್ಪತ್ತನಾಲ್ಕು. ಅದರಾಗೆ ನಾಲ್ಕು ಹುಟ್ಟಲಿಲ್ಲ. ಮೇಲೆ ಬಂದ ಮೊಳಕೆ ಇಪ್ಪತ್ತೊಂಬತ್ತು. ಮನೆ ಬೀಗದ ಕೈ ಇದ್ದದ್ದು ಒಬ್ಬರ ಹತ್ರ. ಉತ್ತರ ನಾನು ಹೇಳಲ್ಲ."

ವಿದ್ಯುತ್ ಇಲಾಖೆಯ ಲೈನ್‌ಮನ್ ಪ್ರಸನ್ನಕುಮಾರನಿಗೆ ಮೊದಲು ಹೊಳೆಯಿತು. "ಒಣಗಿಸಿಬಿಟ್ಟು, ಅಂಗಡಿ ಹಣ್ಣಿನ ಬೀಜ ಹಾಕ್ಯಾಳೆ ಅನ್ರಿ! ನಮ್ಮನೆ ಬೀಗದ ಕೈನೂ ಆಯಮ್ಮನ ಹತ್ರನೇ ಐತಲ್ಲ ಮೇಷ್ಟ್ರೇ."

"ನಾನೇನೂ ಅನ್ನಲಿಲ್ಲಪ್ಪ. ಉತ್ತರ ನಿಂದು," ಎಂದು ಮೇಷ್ಟ್ರು ಹಾಲು ತೆಗೆದುಕೊಂಡು ಮನೆಗೆ ಬಂದರು. ಹಿಂದೆ ಕರಿಹಲಗೆಯ ಮುಂದೆ ಹುಡುಗರು ಸರಿಯುತ್ತರ ಬರೆದಾಗ ಆಗುತ್ತಿದ್ದ ಸಮಾಧಾನವೇ ಅವತ್ತೂ ಆಯಿತು.

ಆ ವಾರವೇ ಪ್ರಸನ್ನಕುಮಾರನ ಹೆಂಡತಿ, ನೆಂಟರು ಬರುತ್ತಾರೆಂದು ನೆಪ ಹೇಳಿ ಬೀಗದ ಕೈ ವಾಪಸು ಪಡೆದಳು. ಮುಂದಿನ ವಾರ ಮತ್ತೊಂದು ಮನೆಯವರು ಬೀಗವನ್ನೇ ಬದಲಿಸಿದರು. ಯುಗಾದಿಯ ಹೊತ್ತಿಗೆ ಬರಗೇರಮ್ಮನ ಸೆರಗಿನಲ್ಲಿ ಗಂಟೇ ಇರಲಿಲ್ಲ. ಮೇಷ್ಟ್ರು ಅದನ್ನೆಲ್ಲ ಕೇಳಿಸಿಕೊಂಡರು. ಲೆಕ್ಕ ಸರಿಯಿತ್ತಲ್ಲ, ಮರುಗಲು ಕಾರಣ ಕಾಣಲಿಲ್ಲ.

ಏಪ್ರಿಲ್ ೧೨, ಶುಕ್ರವಾರ ಬೆಳಿಗ್ಗೆ ಹದಿನೇಳನೆಯ ಕವರಿನಲ್ಲಿ ಹಸಿರು ಕಂಡಿತು.

ಅದು ಖಾಲಿಯೆಂದು ಬಿಟ್ಟಿದ್ದ ನಾಲ್ಕರಲ್ಲಿ ಒಂದು. ಬರಗೇರಮ್ಮ ಹೋದಂದಿನಿಂದ ತಾರಸಿಯ ಬಾಗಿಲಿನ ಬೀಗದ ಕೈ ಮೇಷ್ಟ್ರ ಜೇಬು ಬಿಟ್ಟಿರಲಿಲ್ಲ. ನೀರೆರೆದವರು ಅವರೊಬ್ಬರೇ, ದಿನವೂ ಆ ಬರಿಮಣ್ಣನ್ನು ನೋಡಿದವರೂ ಅವರೇ. ಈಗ ಅಲ್ಲಿ ಎರಡು ಕುಡಿಗಳು ಒಂದಕ್ಕೊಂದು ಅಂಟಿಕೊಂಡು ತಲೆಯೆತ್ತಿದ್ದವು.

ಮಣ್ಣು ಮುಟ್ಟಬಾರದೆಂದು ವೈದ್ಯರು ಹೇಳಿದ್ದ ಗಡುವು ಅಂದಿಗೆ ಮುಗಿದಿತ್ತು. ಮೇಷ್ಟ್ರು ಕವರನ್ನು ಸೀಳಿ, ಮಣ್ಣನ್ನು ಸ್ಟೀಲಿನ ತಟ್ಟೆಗೆ ಸುರಿದು, ಚೊಂಬಿನಿಂದ ಸಣ್ಣಗೆ ನೀರು ಬಿಟ್ಟರು. ಮಣ್ಣು ಕರಗಿ ಹರಿದು, ತಳದಲ್ಲಿ ಒಂದೇ ಒಂದು ಬೀಜ ಉಳಿಯಿತು. ಅದರ ಸಿಪ್ಪೆ ಬಿರಿದಿತ್ತು. ಆ ಒಂದೇ ಬಿರುಕಿನಿಂದ ಎರಡು ಬೇರು ಕೆಳಕ್ಕೆ ಇಳಿದಿದ್ದವು, ಎರಡು ಕುಡಿ ಮೇಲಕ್ಕೆ ಹೊರಟಿದ್ದವು. ಎಡಗಣ್ಣು ಮುಚ್ಚಿ, ಪೊರೆ ತೆಗೆಸಿದ ಬಲಗಣ್ಣಿನಿಂದ ಇನ್ನೊಮ್ಮೆ ನೋಡಿದರು. ಬೀಜ ಒಂದೇ.

ಅವರು ಕೂಡಿದ್ದು ಸರಿ, ಕಳೆದದ್ದೂ ಸರಿ. ಒಂದು ಬೀಜಕ್ಕೆ ಒಂದು ಗಿಡ ಎಂಬ ಮೊದಲ ಸಾಲನ್ನು ಮಾತ್ರ ಯಾರನ್ನೂ ಕೇಳದೆ ಬರೆದುಕೊಂಡಿದ್ದರು.

ಎರಡು ದಿನ ಮೇಷ್ಟ್ರು ಹಾಲಿಗೆ ಹೋಗಲಿಲ್ಲ. ಮೂರನೆಯ ದಿನ ಅನುಸೂಯ ತಾರಸಿಯಲ್ಲಿ ತಟ್ಟೆ ಕಂಡು ಕೇಳಿದರು. ಮೇಷ್ಟ್ರು ಹೇಳಿದರು.

"ಮೂವತ್ನಾಲ್ಕು ವರ್ಷ ಹುಡುಗರ ಗೆಣ್ಣಿಗೆ ಹೊಡ್ದು ತಪ್ಪು ತಿದ್ದಿಸಿದ್ರಿ," ಎಂದರು ಅನುಸೂಯ. "ಎದ್ದು ಹೋಗ್ರಿ."

ಬರಗೇರಮ್ಮ ಮನೆಯಲ್ಲಿರಲಿಲ್ಲ. ಹುಣಸೆಹಣ್ಣಿನ ಮಂಡಿಯ ಮುಂದೆ, ಏಳೆಂಟು ಹೆಂಗಸರ ಜೊತೆ ಕೂಲಿಗೆ ಕೂತು ಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮೇಷ್ಟ್ರು ಎದುರು ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ನನ್ನ ಲೆಕ್ಕ ತಪ್ಪಾಗಿತ್ತು. ಒಂದೇ ಬೀಜದಾಗೆ ಎರಡು ಬರ್ತವೆ. ಕಣ್ಣಾರೆ ನೋಡಿದೆ."

ಆಕೆ ತಲೆಯೆತ್ತಲಿಲ್ಲ. "ಇಷ್ಟು ಸಣ್ಣಗ್ಯಾಕೆ ಹೇಳ್ತೀರಿ? ಹಾಲಿನ ಬೂತಿನ ಮುಂದೆ ದನಿ ಚೆನ್ನಾಗಿತ್ತಂತೆ. ಅಲ್ಲಿ ಅಂದಿದ್ದು ಇಲ್ಲಿ ವಾಪಸ್ ತಗಂಡ್ರೆ ನಂಗೇನು ಬಂತು?"

ಪಕ್ಕದ ಹೆಂಗಸು ಕಿಸಕ್ಕನೆ ನಕ್ಕಳು. ಮೇಷ್ಟ್ರು ಬಂದ ದಾರಿಯಲ್ಲೇ ಹಿಂತಿರುಗಿದರು.

ಮರುದಿನ ಆರೂಕಾಲಕ್ಕೆ ಬೂತಿನ ಮುಂದೆ ನಿಂತು ಅವರು ಗಟ್ಟಿಯಾಗಿಯೇ ಹೇಳಿದರು. "ಅವತ್ತು ನಾನು ಕೊಟ್ಟ ಲೆಕ್ಕ ತಪ್ಪು. ಬರಗೇರಮ್ಮ ಏನೂ ಮಾಡಿಲ್ಲ. ತಪ್ಪು ನಂದು." ಯಾರೋ ಕೆಮ್ಮಿದರು. "ಇರ್ಲಿ ಬಿಡ್ರಿ ಮೇಷ್ಟ್ರೇ, ದೊಡ್ಡೋರು ನೀವು," ಎಂದ ಕನಕರಾಜ, ಕೇಳಿದವನಿಗೇ ನಾಚಿಕೆಯಾದಂತೆ. ಮೊದಲ ದಿನದ ಹನ್ನೊಂದು ಜನರಲ್ಲಿ ಅಂದು ಎಂಟು ಮಂದಿ ಇದ್ದರು. ಮತ್ತಿಬ್ಬರ ಮನೆಗೆ ಮೇಷ್ಟ್ರು ಸಂಜೆ ನಡೆದುಹೋದರು. ಹನ್ನೊಂದನೆಯವನು ಪ್ರಸನ್ನಕುಮಾರ. ಅವನಿಗೆ ಹೊಳಲ್ಕೆರೆಗೆ ವರ್ಗವಾಗಿ ಹದಿನೈದು ದಿನವಾಗಿತ್ತು. ಬುಧವಾರ ಮೇಷ್ಟ್ರು ಹೊಳಲ್ಕೆರೆಯ ಬಸ್ಸು ಹತ್ತಿದರು.

"ಇಷ್ಟಕ್ಕೆ ಬಿಸಿಲಾಗೆ ಬಂದ್ರಾ ಮೇಷ್ಟ್ರೇ?" ಎಂದು ಪ್ರಸನ್ನಕುಮಾರ ಕುರ್ಚಿ ಎಳೆದು ಹಾಕಿದ. "ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಕುಂತ್ಕಳ್ರಿ." ಕೇಳಿಸಿಕೊಂಡ ಮೇಲೆ ಅವನು ಕತ್ತು ತುರಿಸಿಕೊಂಡ. "ಒಂದು ಯಡವಟ್ಟಾಗೈತೆ. ನಮ್ಮತ್ತೆ ಹಿರಿಯೂರಾಗೆ ಅವ್ರಲ್ಲ, ಅವರಿಗೆ ಓಡಾಡಾಕ್ ಆಗಲ್ಲ. ಯುಗಾದಿ ಆದ್ಮೇಲೆ ಬರಗೇರಮ್ಮ ಹೋಗಿ ಅವರ ಮನೇಲೇ ಇರೋದು ಅಂತ ಮಾತಾಗಿತ್ತು. ಊಟ, ಕೋಣೆ, ಎಲ್ಲ. ನನ್ನ ಹೆಂಡ್ತಿ ಈ ವಿಷಯ ಅಲ್ಲಿಗೆ ಹೇಳ್ಬಿಟ್ಲು. ಅವ್ರು ಐಮಂಗಲದಿಂದ ಬೇರೇರನ್ನ ಕರ್ಕಂಡವ್ರೆ."

"ಬರಗೇರಮ್ಮಂಗೆ ತಿಳಿಸಿದ್ರಾ?"

"ಎಂಥದು ಅಂತ ತಿಳಿಸೋದು ಮೇಷ್ಟ್ರೇ? ಸುಮ್ನಾದ್ವಿ."

ಎದುರಿಗಿಟ್ಟ ಕಾಫಿಯನ್ನು ಮುಟ್ಟದೆ ಮೇಷ್ಟ್ರು ಎದ್ದರು.

ಹೊಸದುರ್ಗದಲ್ಲಿ ಬಸ್ಸಿಳಿದಾಗ ಮೂರೂವರೆ. ನೇರವಾಗಿ ಮಂಡಿಗೆ ನಡೆದರು. ಈ ಸಲ ದನಿ ತಗ್ಗಿಸಲಿಲ್ಲ. ಹಿರಿಯೂರಿನ ಮಾತನ್ನು ಒಂದೂ ಬಿಡದೆ, ಹೆಂಗಸರೆಲ್ಲ ಕೇಳುವಂತೆ ಹೇಳಿದರು. ಬರಗೇರಮ್ಮನ ಕೈ ಮೊದಲ ಸಲ ನಿಂತಿತು.

"ಅದಕ್ಕಾ ಫೋನ್ ಬರ್ಲಿಲ್ಲ," ಎಂದಳು. "ತಿಂಗಳ ಕೊನೆಗೆ ಕೋಣೆ ಖಾಲಿ ಮಾಡ್ತೀನಿ ಅಂತ ಮಾಲೀಕರಿಗೆ ಹೇಳ್ಬಿಟ್ಟಿದ್ದೆ. ಅವ್ರು ಬೇರೇರಿಗೆ ಕೊಟ್ಟವ್ರೆ."

ಇದು ಮೇಷ್ಟ್ರಿಗೆ ತಿಳಿದಿರಲಿಲ್ಲ. "ನಮ್ಮ ಮನೆ ಕೆಳಗಿನ ಕೋಣೆ ಖಾಲಿ ಐತೆ," ಎಂದರು. "ಅನುಸೂಯನೂ ಒಪ್ತಾಳೆ. ಬರ್ರಿ."

"ನಿಮ್ಮನೇಲಾ?" ಬರಗೇರಮ್ಮ ಈಗ ಅವರ ಮುಖ ನೋಡಿದಳು. "ದಿನಾ ಬೆಳಿಗ್ಗೆ ಎದ್ದು ನನ್ನ ಎಣಿಸ್ತೀರಾ?"

ಹೆಂಗಸರು ಯಾರೂ ನಗಲಿಲ್ಲ.

"ಹನ್ನೊಂದು ಜನರ ಮುಂದೆ ಅಂದಿದ್ದೆ," ಎಂದರು ಮೇಷ್ಟ್ರು. "ಹನ್ನೊಂದು ಜನಕ್ಕೂ ಹೇಳಿ ಬಂದೀನಿ."

"ಆ ಹನ್ನೊಂದು ಜನ ಎಷ್ಟು ಜನಕ್ಕೆ ಅಂದವ್ರೆ?"

ಮೇಷ್ಟ್ರು ಮನಸ್ಸಿನಲ್ಲೇ ಎಣಿಸತೊಡಗಿದರು. ಒಬ್ಬನ ಹೆಂಡತಿ, ಅವಳ ತಾಯಿ, ಐಮಂಗಲದಿಂದ ಬಂದ ಆ ಹೆಂಗಸು, ಅವಳ ಮನೆಯವರು. ಉಳಿದ ಹತ್ತು ಮಂದಿಯ ಮನೆಗಳಲ್ಲಿ ಎಷ್ಟೆಷ್ಟು ಬಾಯಿ? ಎಲ್ಲಿಂದ ಹಿಡಿದು ಎಲ್ಲಿಗೆ ಕೂಡುವುದು?

"ಗೊತ್ತಿಲ್ಲ," ಎಂದರು.

"ಗೊತ್ತು ಮಾಡ್ಕಂಡು ಬರ್ರಿ. ಆಮೇಲೆ ತೀರ್ತು ಅನ್ನೀರಂತೆ." ಆಕೆ ಹೊಸ ಬುಟ್ಟಿಯನ್ನು ಮುಂದಕ್ಕೆಳೆದುಕೊಂಡಳು.

ಮೇಷ್ಟ್ರು ಬಸ್ ನಿಲ್ದಾಣಕ್ಕೆ ಮರಳಿ ಬಂದು ಹಿರಿಯೂರಿನ ಬಸ್ಸನ್ನು ವಿಚಾರಿಸಿದರು. ಈಗಷ್ಟೇ ಹೋಯಿತು, ಮುಂದಿನದು ಯಾವಾಗ ಎಂದು ಹೇಳಲಾಗದು ಎಂದ ಕಂಟ್ರೋಲರ್. ಅವರು ಕಲ್ಲುಬೆಂಚಿನ ಮೇಲೆ ಕಾಯುತ್ತ ಕೂತರು.