ಹದಿನೆಂಟನೆಯ ಬ್ರೇಕು

ಹಾಕು ಅಂದ ಕೂಡಲೇ ಸಹಿ ಹಾಕುವವರ ಪೈಕಿ ಅಲ್ಲ ಯಲ್ಲಾಲಿಂಗ. ಅಫಜಲಪುರದ ಕಡೆಯಿಂದ ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನು, ಒಂದು ಕೋಳಿಗೂ ಗಾಲಿ ತಾಗಿಸಿದವನಲ್ಲ. ಅಂಥವನ ಮುಂದೆ ಕಂಪನಿಯ ಬಾಂದ್ರಾ ಆಫೀಸಿನಲ್ಲಿ ವ್ಯಾನುಗಳ ಲೆಕ್ಕ ನೋಡುವ ಯಕ್ಷಿತಾ ಒಂದು ಕಾಗದ ಇಟ್ಟಳು. ಲಕ್ಷ್ಯವಿಲ್ಲದೆ ಗಾಡಿ ಓಡಿಸಿದ್ದು ನಿಜ, ಇನ್ನು ಹಾಗೆ ಮಾಡುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿದರೆ ವ್ಯಾನು ಉಳಿಯುತ್ತದೆ, ಹಾಕದಿದ್ದರೆ ಗೋದಾಮಿನಲ್ಲಿ ಡಬ್ಬ ಎತ್ತುವ ಕೆಲಸ.

ಕಂಪನಿಯದು ಇಡ್ಲಿ ಹಿಟ್ಟಿನ ವ್ಯಾಪಾರ. ಜೋಗೇಶ್ವರಿಯಲ್ಲಿ ರುಬ್ಬಿ ಮಾಟುಂಗದ ಹೋಟೆಲುಗಳವರೆಗೆ ಮುಟ್ಟಿಸಬೇಕು. ಅದಕ್ಕೆ ನಲವತ್ತು ವ್ಯಾನು. ಹೋದ ವರ್ಷ ಒಂದೊಂದಕ್ಕೂ ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದರು. ಗಾಡಿ ಎಲ್ಲಿದೆ, ಎಷ್ಟು ಜೋರಿದೆ, ಯಾವಾಗ ಬ್ರೇಕು ಬಿತ್ತು, ಎಲ್ಲ ಚಾಡಿಯೂ ಅಲ್ಲಿಂದ ಕ್ಲೌಡಿಗೆ. ಕ್ಲೌಡೆಂದರೆ ಎಲ್ಲೋ ದೂರದಲ್ಲಿ ಸಾಲಾಗಿ ಕೂತ ಕಂಪ್ಯೂಟರುಗಳು. ಅಂಧೇರಿಯಲ್ಲಿ ಒಂದು ವ್ಯಾನು ಟ್ರಾಫಿಕ್ಕಿಗೆ ಸಿಕ್ಕರೆ ಉಳಿದ ಮೂವತ್ತೊಂಬತ್ತರ ಸ್ಕ್ರೀನಿಗೂ ಅದು ಸುದ್ದಿ ಕೊಡುತ್ತದೆ. ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಡ್ರೈವರುಗಳಿಗೆ ನಂಬರು ಕೊಡುವ ಚಟವೂ ಅದಕ್ಕಿತ್ತು. ಆ ಪಟ್ಟಿಯಲ್ಲಿ ಯಲ್ಲಾಲಿಂಗನೇ ಕೊನೆಯವನು.

ಯಕ್ಷಿತಾ ಸ್ಕ್ರೀನು ತಿರುಗಿಸಿ ತೋರಿಸಿದಳು. ಒಂದೇ ತಿಂಗಳಲ್ಲಿ ಹದಿನೇಳು ಸಲ ಗಕ್ಕನೆ ಬ್ರೇಕು, ಹದಿನೇಳೂ ಒಂದೇ ಕಡೆ, ಜೋಗೇಶ್ವರಿಯ ಸಣ್ಣ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ. ಅಲ್ಲಿ ಸಿಗ್ನಲಿಲ್ಲ, ತಿರುವಿಲ್ಲ. ಖಾಲಿ ರಸ್ತೆಯೆಂದು ಕ್ಲೌಡು ಸೋಮವಾರದಿಂದ ಇನ್ನೂ ಹನ್ನೆರಡು ವ್ಯಾನುಗಳನ್ನು ಅಲ್ಲಿಗೇ ತಿರುಗಿಸಲಿದೆ. ಯಕ್ಷಿತಾ ಉಡುಪಿಯವರ ಮಗಳು, ಮಾಟುಂಗದಲ್ಲೇ ಬೆಳೆದವಳು. ಸಿಸ್ಟಮ್ಮಿಗೆ ಒಂದು ಕಾಗದ ಬೇಕಷ್ಟೇ, ಹಾಕಿಬಿಡಿ ಅಣ್ಣಾ ಎಂದು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಮೆತ್ತಗೆ ಹೇಳಿದಳು.

ಯಲ್ಲಾಲಿಂಗನಿಗೆ ಮೈಯೆಲ್ಲ ಉರಿದುಹೋಯಿತು. ಕಾಗದವನ್ನು ಮಡಚಿ ಅವಳ ಕಡೆಗೇ ಸರಿಸಿದ.

“ತಪ್ಪು ಮಾಡಿಲ್ಲ, ಸಹಿ ಹಾಕೂದಿಲ್ರಿ. ನಾಳಿ ಮಧ್ಯಾಹ್ನ ನನ್ನ ಬಾಜೂಕ ಕುಂತು ನೋಡ್ರಿ. ಆಮ್ಯಾಲ ಗೋದಾಮಿಗರೆ ಹಾಕ್ರಿ, ಮನೀಗರೆ ಕಳಸ್ರಿ.”

ಅವಳಿಗೂ ಹಟ ಬಂದಿರಬೇಕು. ಮರುದಿನ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಕೂತೇಬಿಟ್ಟಳು. ಹಿಂದೆ ಹಿಟ್ಟಿನ ಡಬ್ಬಗಳು. ಮುಚ್ಚಳಗಳಿಗೆ ಯಲ್ಲಾಲಿಂಗ ತಾನೇ ಬಟ್ಟೆ ಬಿಗಿದು ಕಟ್ಟಿದ್ದ.

ಸರಿಯಾಗಿ ಒಂದು ಗಂಟೆಗೆ ಆ ರಸ್ತೆ ಬಂತು. ಎಡಕ್ಕೆ ಉದ್ದಕ್ಕೂ ಎರಡಾಳೆತ್ತರದ ತಗಡಿನ ಗೋಡೆ, ಎದುರಿಗೆ ನಾಯಿಯೂ ಇಲ್ಲ. ಯಲ್ಲಾಲಿಂಗ ವೇಗವನ್ನು ಇಪ್ಪತ್ತಕ್ಕೆ ಇಳಿಸಿದ. ಖಾಲಿ ರಸ್ತೆಯಲ್ಲಿ ಯಾಕಿಷ್ಟು ನಿಧಾನ ಎಂದು ಅವಳು ಕೇಳುತ್ತಿದ್ದಂತೆಯೇ ತಗಡಿನ ಸಂದಿಯಿಂದ ಒಬ್ಬ ಹೆಂಗಸು ನೇರ ರಸ್ತೆಗೇ ಕಾಲಿಟ್ಟಳು. ತಲೆಯ ಮೇಲೆ ರಟ್ಟಿನ ಪೆಟ್ಟಿಗೆಗಳ ಹೊರೆ. ಎರಡೂ ಕೈ ಹೊರೆಗೇ, ಆಚೀಚೆ ನೋಡಲು ಕತ್ತು ತಿರುಗಬೇಕಲ್ಲ!

ವ್ಯಾನು ಗಕ್ಕನೆ ನಿಂತಿತು. ಲ್ಯಾಪ್‌ಟಾಪು ಜಾರಿ ಕೆಳಗೆ ಬಿತ್ತು, ಯಂತ್ರ ಪೀಂ ಎಂದಿತು. ಆ ಹೆಂಗಸು ಇತ್ತ ತಿರುಗಿಯೂ ನೋಡದೆ ರಸ್ತೆಯಾಚೆ ಬದಿಗೆ ನಿಲ್ಲಿಸಿದ್ದ ಟೆಂಪೊ ಕಡೆಗೆ ನಡೆದಳು. ಅವಳ ಹಿಂದೆ ಇನ್ನೂ ಐದಾರು ಹೊರೆಗಳು ಸಂದಿಯಿಂದ ಹೊರಬಿದ್ದವು. ಪ್ಯಾಕಿಂಗ್ ಮಾಡುವ ಹೆಂಗಸರು, ದಿನಾ ಒಂದು ಗಂಟೆಯೆಂದರೆ ಮಾಲು ಸಾಗಿಸುವ ಹೊತ್ತು.

ಯಕ್ಷಿತಾಳ ಮುಖ ಬಿಳಿಚಿಕೊಂಡಿತ್ತು. ಅವಳ ಎರಡೂ ಕಾಲು ವ್ಯಾನಿನ ನೆಲಕ್ಕೆ ಒತ್ತಿಕೊಂಡೇ ಇದ್ದವು. ಯಲ್ಲಾಲಿಂಗ ಅದನ್ನೇ ನೋಡಿದ.

“ನಿಮ್ಮ ಕಾಲಾಗ ಬ್ರೇಕಿಲ್ಲ ಮೇಡಮ್. ಆದ್ರೂ ತುಳದ್ರಿ.”

ಅವಳು ಲ್ಯಾಪ್‌ಟಾಪು ಎತ್ತಿ, ಏನೇನೋ ಒತ್ತಿ, ಆ ಹದಿನೆಂಟನ್ನೂ ಈಗಲೇ ಅಳಿಸುತ್ತೇನೆ, ನಿಮ್ಮ ನಂಬರು ಮೇಲೆ ಬರುತ್ತದೆ ಎಂದಳು.

“ಅಳಸಬ್ಯಾಡ್ರಿ. ಹದಿನೆಂಟೂ ಇರ್ಲಿ. ಅಷ್ಟು ಮಂದಿ ಮನಿ ಮುಟ್ಟ್ಯಾರ. ಅಳಸಿದ್ರ ನಿಮ್ಮ ಕ್ಲೌಡಿಗೆ ಇದು ಮತ್ತ ಖಾಲಿ ರಸ್ತೆನ. ಬರೂ ಹನ್ನೆರಡು ಗಾಡಿಗೆ ಯಾರು ಹೇಳ್ಬೇಕು?”

ಯಕ್ಷಿತಾ ಅಳಿಸಲಿಲ್ಲ, ಆ ಹದಿನೆಂಟರ ಮುಂದೂ ಜನ ದಾಟುವ ಜಾಗ ಎಂದು ಬರೆದು ಕ್ಲೌಡಿಗೆ ಕೊಟ್ಟಳು. ಸೋಮವಾರ ಹನ್ನೆರಡು ವ್ಯಾನೂ ಆ ತಗಡಿನ ಗೋಡೆಗೆ ದೂರವಿರುವಾಗಲೇ, ಮುಂದೆ ಜನ ದಾಟುತ್ತಾರೆ, ನಿಧಾನ ಎಂದು ಸ್ಕ್ರೀನು ಕೂಗಿತು. ಸಹಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪಟ್ಟಿಯಲ್ಲಿ ಮಾತ್ರ ಯಲ್ಲಾಲಿಂಗ ಈಗಲೂ ನಲವತ್ತನೆಯವನೇ. ತಿದ್ದಲು ಅವನೇ ಬಿಡಲಿಲ್ಲ.